ಹಸಿರು ಕ್ಯಾಂಡಲ್ ಮಹಾಶಯರ ಕನ್ಫರ್ಮೇಶನ್ ಕುರಿತು

ನನ್ನ ಮೊಬೈಲಿನ ಪರದೆಯಲ್ಲಿ, ಷೇರಿನ ಬೆಲೆ ಏರಿದಾಗಲೆಲ್ಲ ಉದ್ದಕ್ಕೆ ಎದ್ದು ನಿಲ್ಲುವ ಹಸಿರು ಕ್ಯಾಂಡಲ್ ಅವರ ಸನ್ನಿಧಿಗೆ,

ಮಾನ್ಯರೇ,

ಉಚ್ಚಿಲದ ಮೀನು ವ್ಯಾಪಾರಿ ಲೀಲಾಧರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಪರಿಚಯವಾದ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ತಾವು ಕುಶಲವಾಗಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಷೇರು ಕೊಂಡದ್ದು ಒಂಬತ್ತೂವರೆಗೆ, ಆಮೇಲಿನ ತಮ್ಮ ಆರೋಗ್ಯದ ಬಗ್ಗೆಯೇ ಈ ಪತ್ರ.

ಏಲಂ ಕೂಗುವವನ ಗಂಟಲು ಕೇಳಿಯೇ ಬಂಗುಡೆಯ ರೇಟು ಏರುವುದೋ ಇಳಿಯುವುದೋ ಹೇಳಬಲ್ಲವನು ನಾನು. ಆ ಧೈರ್ಯದಲ್ಲೇ, ಹೆಂಡತಿ ಸರಸ ಸ್ಕೂಟರಿಗೆಂದು ಕೂಡಿಟ್ಟ ಹಣವನ್ನು ತಂದು ತಮ್ಮ ಪಾದಕ್ಕೆ ಸುರಿದೆ. ಅವಳು ಶಿರ್ವದ ಮನೆಮನೆಗೆ ಮೀನು ಮಾರುವವಳು. ಬುಟ್ಟಿ ಕಂಡರೆ ಸಾಕು, ಕಂಡಕ್ಟರು ಬಸ್ಸು ನಿಲ್ಲಿಸುವುದಿಲ್ಲ. ತಾವು ಏಳುತ್ತೀರೆಂದು ಮೊದಲೇ ಊಹಿಸಿ ಕೊಂಡೆ, ತಾವು ಇಳಿದು ಕೆಂಪಾದಿರಿ. ಎದ್ದದ್ದು ಖಚಿತವಾದ ಮೇಲೆ ಕೊಂಡೆ, ನನ್ನನ್ನು ಮೇಲೆ ಕೂರಿಸಿ ತಾವು ಕೆಳಗಿಳಿದಿರಿ. ಕಾಪುವಿನ ದೀಪಸ್ತಂಭವಾದರೂ ದೋಣಿ ಬಂಡೆಗೆ ಬಡಿಯುವ ಮೊದಲು ಮಿನುಗುತ್ತದೆ. ಮುಂಬಯಿಯ ಅಷ್ಟು ದೊಡ್ಡ ಮಾರುಕಟ್ಟೆ ಕೊಳ್ಳುವ ಗುಂಡಿ ಒತ್ತುವ ಉಚ್ಚಿಲದ ಒಂದು ಹೆಬ್ಬೆರಳಿಗಾಗಿ ಕಾದು ಕುಳಿತಿರುವುದನ್ನು ನೆನೆದರೆ ಹೆಮ್ಮೆಯಿಂದ ಕುಣಿಯುವಂತಾಗುತ್ತದೆ.

ತಮ್ಮ ಮನಸ್ಸನ್ನು ಅರಿಯಲೆಂದೇ ಮಣಿಪಾಲದ ಭಾನುವಾರದ ಷೇರು ಕ್ಲಾಸಿಗೆ ಸೇರಿದೆ. ಕ್ಯಾಂಡಲ್ ಮುಗಿಯಲಿ, ಏರಿಕೆ ನಿಜವೆಂದು ಕನ್ಫರ್ಮೇಶನ್ ಆಗಲಿ, ಆಮೇಲೆ ಕೊಳ್ಳಿ ಎಂದು ನೆವಿಲ್ ಮಾಸ್ಟ್ರು ಕಲಿಸಿದರು. ನಾನು ಬರೆದುಕೊಂಡು ಎರಡು ಗೆರೆ ಎಳೆದೆ. ಪಕ್ಕದಲ್ಲಿದ್ದ ಶಿರ್ವದ ಆಂಜೆಲಾ ಬಾಯಿ ಅವರಿಗೆ ಕ್ಯಾಂಡಲ್ ಎಂದರೆ ಇಗರ್ಜಿಯ ಮೇಣದಬತ್ತಿ, ಕನ್ಫರ್ಮೇಶನ್ ಎಂದರೆ ಬಿಷಪರು ಬಂದು ಮಕ್ಕಳ ಹಣೆಗೆ ಎಣ್ಣೆ ಹಚ್ಚುವ ಸಂಸ್ಕಾರ. ಮಗಳು ಶರೋನಳದ್ದು ಮುಂದಿನ ತಿಂಗಳೇ ಇದ್ದುದರಿಂದ, ಮಾಸ್ಟ್ರಿಗೆ ಅದು ಹೇಗೆ ಗೊತ್ತಾಯಿತೆಂದು ಬೆರಗಾಗಿ, ಭಕ್ತಿಯಿಂದ ಕಾದರು. ಸಂಸ್ಕಾರ ಮುಗಿಸಿ, ಮೇಣದಬತ್ತಿ ಆರಿಸಿ, ನೆಂಟರಿಗೆಲ್ಲ ಊಟ ಬಡಿಸಿ, ಸೋಮವಾರ ಕೊಂಡರು. ಅಂದಿನಿಂದ ಹನ್ನೊಂದು ದಿನ ತಾವು ಒಂದೇ ಸಮನೆ ಹಸಿರು. ಅದೇ ಷೇರನ್ನು ನಾನು ಹಿಂದಿನ ಶುಕ್ರವಾರ ಬೇಸತ್ತು ಮಾರಿದ್ದೆ.

ಆದ್ದರಿಂದ ತಮ್ಮಲ್ಲಿ ಅರಿಕೆ: ಏಳುವ ಹಿಂದಿನ ದಿನ ನನಗೊಂದು ಮಿಸ್ಡ್ ಕಾಲ್ ಕೊಡಿ. ಅದು ಕಷ್ಟವಾದರೆ ಎದ್ದ ಮೇಲೆ ಕಾರ್ಕಳದ ಗೊಮ್ಮಟನ ಹಾಗೆ ಅಲ್ಲೇ ನಿಂತುಬಿಡಿ. ಅದೂ ಆಗದಿದ್ದರೆ, ಇವತ್ತಿನ ಪೇಪರು ಓದಿ ನಿನ್ನೆಯ ಬೆಲೆಗೆ ಕೊಳ್ಳುವ ಸೌಲಭ್ಯವನ್ನು ಮೀನು ವ್ಯಾಪಾರಿಗಳಿಗೆ ಮಾತ್ರ ಒದಗಿಸಿಕೊಡಬೇಕು.

ಕಳೆದ ವಾರ, ಉಳಿದ ಅರ್ಧ ಹಣದಲ್ಲಿ ಕಡೆಯ ಸಲ ಕೊಂಡ ಷೇರನ್ನು ಸರಸಳಿಗೆ ತೋರಿಸಿ, ಕನ್ಫರ್ಮೇಶನ್‌ಗೆ ಇನ್ನು ನಾಲ್ಕೇ ದಿನ ಬಾಕಿ ಎಂದು ವಿವರಿಸಿದೆ. "ಮೀನು ಅಷ್ಟು ದಿನ ಕಾಯ್ತದಾ?" ಎಂದಷ್ಟೇ ಕೇಳಿದಳು. ಇವತ್ತು ತಮ್ಮ ದರ್ಶನಕ್ಕೆಂದು ಪರದೆ ತೆರೆದರೆ ಖಾತೆಯಲ್ಲಿ ಸೊನ್ನೆ. ಅಂಗಳದಲ್ಲಿ ಉಡುಪಿಯಿಂದ ತಂದ ಸೆಕೆಂಡ್ ಹ್ಯಾಂಡ್ ಸ್ಕೂಟರ್. ನನ್ನ ಪಿನ್ ನಂಬರು ನಮ್ಮ ಮದುವೆಯ ತಾರೀಕು, ಅದನ್ನು ನನಗಿಂತ ಚೆನ್ನಾಗಿ ನೆನಪಿಟ್ಟವಳು ಅವಳು. ನಾಚಿಕೆಯಾಯಿತು, ಆಮೇಲೆ ತಡೆಯಲಾರದಷ್ಟು ನಗು ಬಂತು. ಈ ಪತ್ರವನ್ನು ಅವಳ ಹಿಂದೆ ಕುಳಿತು, ಮೀನಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಶಿರ್ವದ ರಸ್ತೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಏರಿಳಿದಿದ್ದರೆ ಮನ್ನಿಸಬೇಕು.

ಮೊದಲೂ ಬಂದು, ತಡವಾಗಿಯೂ ಬಂದು ಕೆಟ್ಟ
ತಮ್ಮ ವಿಶ್ವಾಸಿ,
ಲೀಲಾಧರ, ಉಚ್ಚಿಲ

ಮರೆತ ಮಾತು: ಸರಸ ಷೇರು ಮಾರಿದ ದಿನದಿಂದ ತಾವು ಏರುತ್ತಲೇ ಇದ್ದೀರೆಂದು ಆಂಜೆಲಾ ಬಾಯಿ ಈಗಷ್ಟೇ ಅವರ ಮನೆಯ ಗೇಟಿನ ಬಳಿ ಮೀನು ಕೊಳ್ಳುತ್ತ ತಿಳಿಸಿದರು. ಬಹಳ ಸಂತೋಷ. ಇಳಿಯುವುದಕ್ಕೆ ನನ್ನನ್ನೇ ಕಾಯುತ್ತಿದ್ದರೆ ದಯವಿಟ್ಟು ಕಾಯಬೇಡಿ. ಹೊಸ ಪಿನ್ ನಂಬರು ಸರಸಳ ಹತ್ತಿರ ಉಂಟು.