ಬೊಟ್ಟಿಗೆ ಪುಡಿ ಹಾಕಿದ್ದು ಯಾರು?

ಬೊಟ್ಟಿನ ರಕ್ತ ಚೆನ್ನಾಗಿದ್ದದ್ದೇ ಅಂದಿನ ರಾದ್ಧಾಂತಕ್ಕೆಲ್ಲ ಕಾರಣ.

ಬೊಟ್ಟು ಎಂದರೆ ಕುರಿಸಾಕಣೆ ಕೇಂದ್ರದ ಒಂದು ಕುರಿ. ಹಣೆಯ ಮೇಲೆ ಕರಿಚುಕ್ಕೆ ಇದ್ದುದರಿಂದ ಆ ಹೆಸರು. ಕೇಂದ್ರದಲ್ಲಿ ಪರೀಕ್ಷೆಯೊಂದು ನಡೆದಿತ್ತು. ಕೊಟ್ಟಿಗೆಯ ಎಡಗಡೆಯ ಕುರಿಗಳಿಗೆ ಒಣಹುಲ್ಲಿನ ಜೊತೆ ಲವಣದ ಪುಡಿ, ಬಲಗಡೆಯವಕ್ಕೆ ಬರೀ ಒಣಹುಲ್ಲು. ಪುಡಿಯಿಂದ ರಕ್ತ ಸುಧಾರಿಸುತ್ತದೆಯೇ ಎಂದು ತಿಳಿಯಬೇಕಿತ್ತು. ಬೊಟ್ಟು ಬಲಗಡೆಯದು. ಅದರ ಜೊತೆಯವೆಲ್ಲ ಬಿಳಿಚಿಕೊಂಡಿದ್ದರೆ ಇದು ಮಾತ್ರ ತವರಿಗೆ ಹೋಗಿ ಬಂದವಳಂತೆ ಮೈಕೈ ತುಂಬಿಕೊಂಡಿತ್ತು.

ಪಶುವೈದ್ಯೆ ಅದರ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದರು. "ಒಳಗೆ ಎಷ್ಟು ಕೆಂಪಗಿದೆ ನೋಡಿ. ರಕ್ತಪರೀಕ್ಷೇಲೂ ಅದೇ ಬಂದಿದೆ. ಯಾರೋ ಇದಕ್ಕೆ ಪುಡಿ ಹಾಕ್ತಿದಾರೆ."

ಮೇವಿನ ಉಸ್ತುವಾರಿಯವನಿಗೆ ಕೆನ್ನೆಗೆ ಹೊಡೆದಂತಾಯಿತು. ಏನನ್ನೇ ಆಗಲಿ ಎರಡು ಸಲ ತೂಗುವ ಅವನನ್ನು ಎಲ್ಲರೂ ತಕ್ಕಡಿ ಎಂದೇ ಕರೆಯುತ್ತಿದ್ದರು. ಪುಡಿಯ ಡಬ್ಬಿಯ ಬೀಗದ ಕೈ ಸದಾ ಅವನ ಕೊರಳಲ್ಲೇ. ಗೋದಾಮಿನ ದೂಳಿನಲ್ಲಿ ವರ್ಷಗಟ್ಟಲೆ ಚೀಲ ಹೊತ್ತು, ಕಾಡಿ ಬೇಡಿ, ಈಚೆಗಷ್ಟೇ ಕುರಿಗಳ ಬಳಿ ಬಂದಿದ್ದ. ಪರೀಕ್ಷೆ ಕೆಟ್ಟರೆ ಮತ್ತೆ ಅದೇ ಗೋದಾಮು.

ಅವನು ನೇರ ಮುಖ್ಯಸ್ಥರ ಕೋಣೆಗೆ ನುಗ್ಗಿದ. "ಇದು ದ್ರೋಹ ಸಾರ್. ಯಾರೇ ಆಗಿರಲಿ, ಸಂಜೆಯೊಳಗೆ ಹಿಡಿದು ಕೊಡ್ತೀನಿ. ಅವರು ಮತ್ತೆ ಕೊಟ್ಟಿಗೆಗೆ ಕಾಲಿಡಬಾರದು. ಮಾತು ಕೊಡಿ."

ಮುಖ್ಯಸ್ಥರ ಚಹಾ ಆರುತ್ತಿತ್ತು. "ಆಯ್ತಪ್ಪ, ಕೊಟ್ಟೆ," ಎಂದರು.

ಮೊದಲು ಸಿಕ್ಕವನು ಕಾವಲುಗಾರ. ಜೇಬು ತಡಕಿದರೆ ಕ್ಯಾರೆಟ್ ಚೂರು.

"ಎದುರುಗಡೆಯವು ತಿನ್ನೋದನ್ನ ಪಾಪ ನೋಡ್ತಾ ನಿಂತಿರುತ್ತೆ ಸಾರ್. ನಮ್ಮ ಮಕ್ಕಳಾದ್ರೆ ಸುಮ್ನಿರ್ತೀವಾ?"

"ಅದು ಮಗು ಅಲ್ಲಯ್ಯ, ಪರೀಕ್ಷೆ," ಎಂದು ತಕ್ಕಡಿ ಗುಡುಗಿದ.

ಕ್ಯಾಂಟೀನಿನ ಅಕ್ಕ ಬಟಾಣಿ ಸಿಪ್ಪೆ ಹಾಕುವುದನ್ನು ಮುಚ್ಚಿಡಲೂ ಇಲ್ಲ. "ಹಸಿದವರಿಗೆ ಹಾಕೋದೇ ನನ್ನ ಕೆಲಸ. ಎರಡು ಕಾಲು, ನಾಲ್ಕು ಕಾಲು ಅಂತ ಎಣಿಸ್ತಾ ಕೂರಕ್ಕಾಗಲ್ಲ. ನೀನೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಕೂತ್ಕೋ."

"ನನಗೆ ಲಂಚ ಕೊಡಬೇಡಿ ಅಕ್ಕ."

ಟೈಪಿಸ್ಟ್ ಹುಡುಗಿ ಕಣ್ಣೊರೆಸಿಕೊಂಡಳು. "ನನ್ನ ಕಬ್ಬಿಣದ ಮಾತ್ರೆ ಕೊಟ್ಟೆ ಸಾರ್, ಒಂದೇ ಒಂದು. ನಂಗೂ ರಕ್ತ ಕಮ್ಮಿ, ಅದಕ್ಕೂ ಕಮ್ಮಿ ಅನ್ನಿಸ್ತು. ಅದು ಉಗಿದುಬಿಡ್ತು."

ತಕ್ಕಡಿ ಮೂವರನ್ನೂ ಕೊಟ್ಟಿಗೆಗೆ ಕರೆತಂದ. ಬರುವ ಆತುರದಲ್ಲಿ, ಪುಡಿ ಕಲಸಲು ಇಟ್ಟಿದ್ದ ಕಾಕಂಬಿಯ, ಅಂದರೆ ಕಬ್ಬಿನ ಅಂಟುಪಾಕದ, ಬಕೆಟ್ ಎಡವಿ ಬಿದ್ದು, ಮೈಗೆಲ್ಲ ಹುಲ್ಲು ಮೆತ್ತಿಕೊಂಡು ನಡೆದಾಡುವ ಬಣವೆಯಂತಾದ. ಕುರಿಗಳು ಆಸೆಯಿಂದ ನೋಡಿದವು.

ಪಶುವೈದ್ಯೆ ಎಲ್ಲ ಕೇಳಿ ತಲೆಯಾಡಿಸಿದರು. "ಸಿಪ್ಪೆ, ಕ್ಯಾರೆಟ್ಟಿಗೆಲ್ಲ ಇಷ್ಟು ರಕ್ತ ಬರಲ್ಲ. ಇದಕ್ಕೆ ದಿನಾ ಆ ಪುಡೀನೇ ಸಿಕ್ಕಿದೆ."

"ಹಾಗಾದ್ರೆ ಇವರಲ್ಲಿ ಯಾರೋ ಸುಳ್ಳು ಹೇಳ್ತಿದಾರೆ."

ಅಷ್ಟರಲ್ಲಿ ಸಂಜೆಯ ಮೇವಿನ ಹೊತ್ತಾಯಿತು. ಸಿಟ್ಟಿದ್ದರೂ ತಕ್ಕಡಿ ಕೆಲಸ ತಪ್ಪಿಸುವವನಲ್ಲ. ಪುಡಿಯನ್ನು ಎರಡು ಸಲ ತೂಗಿ, ಉಳಿದ ಕಾಕಂಬಿಯಲ್ಲಿ ಎರಡೂ ಬರಿಗೈಗಳಿಂದ ಕಲಸಿ, ಎಡಗಡೆಯವಕ್ಕೆ ಹಾಕಿದ. ಆಮೇಲೆ ಅಭ್ಯಾಸದಂತೆ ಬಂದು ಬೊಟ್ಟಿನ ಮುಂದೆ ಬಲಗೈ ಚಾಚಿದ. ಅದು ಬೆರಳು, ಬೆರಳ ಸಂದು, ಮೊಣಕೈವರೆಗೂ ನೆಕ್ಕತೊಡಗಿತು.

"ಇಲ್ಲಿ ನಿಯತ್ತು ಅಂತ ಇರೋದು ಇದೊಂದಕ್ಕೇ," ಎಂದ ತಕ್ಕಡಿ. "ನಾನೇನೂ ಕೊಡಲ್ಲ, ಆದ್ರೂ ಪ್ರೀತಿ ನೋಡಿ. ಪುಡಿ ಕಲಸಿ ಬಂದ್ರೆ ಸಾಕು, ದಿನಾ ಎರಡೂ ಹೊತ್ತು ಹೀಗೇ. ಕೈ ತೊಳೆಯೋ ಕೆಲಸಾನೇ ಇಲ್ಲ."

ಪಶುವೈದ್ಯೆ ಅವನ ಪುಡಿ, ಕಾಕಂಬಿ ಮೆತ್ತಿ ಕಂದಾದ ಎಡಗೈ ನೋಡಿದರು, ಫಳಫಳ ಹೊಳೆಯುವ ಬಲಗೈ ನೋಡಿದರು. ತಕ್ಕಡಿಯೂ ನೋಡಿಕೊಂಡ.

"ಸಿಕ್ಕಿದ್ರೇನಪ್ಪ?" ಬಾಗಿಲಲ್ಲಿ ಮುಖ್ಯಸ್ಥರು.

"ನಾನೇ ಅಂದ್ಕೊಳ್ಳಿ ಸಾರ್," ಎಂದ ಕಾವಲುಗಾರ. "ಇಲ್ಲ, ನಾನು," ಎಂದರು ಅಕ್ಕ. ಟೈಪಿಸ್ಟ್ ಹುಡುಗಿಯೂ ಕೈ ಎತ್ತಿದಳು.

ಆದರೆ ಬೊಟ್ಟು ಈಗ ಎಡಗೈಗೆ ಬಾಯಿ ಹಾಕಿತ್ತು. ಮುಖ್ಯಸ್ಥರು ಅದನ್ನೇ ನೋಡಿ ನಿಟ್ಟುಸಿರಿಟ್ಟರು. "ಏನ್ಮಾಡ್ಲಪ್ಪ, ನೀನೇ ಮಾತು ತಗೊಂಡಿದ್ದು. ನಾಳೆಯಿಂದ ಗೋದಾಮಿಗೆ ಹೋಗು."

ತಕ್ಕಡಿ ಸೋಪು ಹಾಕಿ ಎರಡು ಸಲ ಕೈ ತೊಳೆದ. ಹೊರಡುವ ಮುನ್ನ ಬೊಟ್ಟಿನ ಮುಂದೆ ಕೊನೆಯ ಸಲ ಅಂಗೈ ಹಿಡಿದ. ಅದು ಮೂಸಿತು, ಸೀನಿತು, ಅತ್ತ ತಿರುಗಿ ಕಾವಲುಗಾರನ ಜೇಬಿಗೆ ಮೂತಿ ತೂರಿಸಿತು.

"ನೋಡಿದ್ರಾ," ಎಂದ ತಕ್ಕಡಿ, "ಇದೂ ಇವರ ಜೊತೆ ಸೇರ್ಕೊಂಡಿದೆ."