ಎಲ್ಲಕ್ಕೂ ಆಗುವ ಗಿಟಾರ್

ಅಂಗಡಿಯಲ್ಲಿ ಒಂದು ವಸ್ತುವನ್ನು ಆರಿಸಿ, ದುಡ್ಡು ಕೊಟ್ಟು ಮನೆಗೆ ತಂದ ಮೇಲೂ ಅದೇ ಸರಿಯಾದದ್ದೆಂದು ನಂಬಿ ನೆಮ್ಮದಿಯಾಗಿರುವ ಜನ ಇದ್ದಾರಂತೆ. ನಾನು ಆ ಪೈಕಿ ಅಲ್ಲ. ಹೋಟೆಲಿನಲ್ಲಿ ಮಸಾಲೆ ದೋಸೆಯೋ ಸೆಟ್ ದೋಸೆಯೋ ಎಂದು ನಾನು ಯೋಚಿಸುತ್ತಿರುವಷ್ಟರಲ್ಲಿ ಮಾಣಿ ಪಕ್ಕದ ಟೇಬಲ್ಲಿನವರಿಗೆ ತಿಂಡಿ ಕೊಟ್ಟು, ಕಾಫಿ ಕೊಟ್ಟು, ಬಿಲ್ಲನ್ನೂ ಕೊಟ್ಟು ಬಂದಿರುತ್ತಾನೆ. ಕೊನೆಗೆ ಅವನೇ ಕನಿಕರಪಟ್ಟು ಏನೋ ಒಂದು ತಂದಿಡುತ್ತಾನೆ. ಅದನ್ನು ತಿನ್ನುತ್ತಾ ಪಕ್ಕದವರ ತಟ್ಟೆ ನೋಡುವುದು ನನ್ನ ಜಾಯಮಾನ. ತಪ್ಪು ಆರಿಸಿಬಿಟ್ಟೇನೆಂಬ ಈ ಭಯಕ್ಕೇ ನಮ್ಮ ಮನೆಯಲ್ಲಿ ಎಲ್ಲಕ್ಕೂ ಆಗುವ ವಸ್ತುಗಳು ತುಂಬಿಕೊಂಡಿವೆ. ಮಂಚವೂ ಆಗುವ ಸೋಫಾ ಇದೆ; ಕೂತರೆ ಬೆನ್ನು ನೋಯುತ್ತದೆ, ಮಲಗಿದರೆ ಸೊಂಟ. ಮದುವೆಗೂ ಆಗಲಿ, ಆಫೀಸಿಗೂ ಆಗಲಿ ಎಂದು ತಂದ ಬೂದು ಬಣ್ಣದ ರೇಷ್ಮೆ ಸೀರೆ ಇದೆ. ಮದುವೆಯಲ್ಲಿ ಕಂಡವರು “ಆಫೀಸಿಂದ ಹಂಗೇ ಬಂದ್ಬುಟ್ರಾ” ಎನ್ನುತ್ತಾರೆ, ಆಫೀಸಿನಲ್ಲಿ ಕಂಡವರು “ಯಾರ ಮದುವೆ” ಎಂದು ಕೇಳುತ್ತಾರೆ. ಇಂಥ ನಾನು ಐವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರ್ ಆರಿಸಲು ಹೊರಟೆ.

ಹುಚ್ಚು ಹಿಡಿದದ್ದಲ್ಲ, ಕಾರಣವಿತ್ತು. ನಾನು ಹಾಡುತ್ತಿದ್ದವಳು. ಸರಸ್ವತಿಪುರಂನಲ್ಲಿ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಸುಶೀಲಮ್ಮ ಅಂತ ಇದ್ದಾರೆ. ಹಾರ್ಮೋನಿಯಂ ಬಾರಿಸುತ್ತಾರೆ, ಎಪ್ಪತ್ತರ ಮೇಲಾದರೂ ಗದರಿಸುವ ಶಕ್ತಿ ಕುಂದಿಲ್ಲ. ಅವರ ಮನೆಯ ಮಹಡಿಯಲ್ಲಿ ಪ್ರತಿ ಶನಿವಾರ ಸಂಜೆ ನಾವು ಐದು ಜನ ಹೆಂಗಸರು ಸೇರಿ ಭಾವಗೀತೆ, ದಾಸರ ಪದ, ವಚನ, ಸುಶೀಲಮ್ಮನವರ ಮೂಡ್ ಚೆನ್ನಾಗಿದ್ದ ದಿನ ಹಳೆಯ ಸಿನಿಮಾ ಹಾಡು, ಎಲ್ಲವನ್ನೂ ಹಾಡುತ್ತಿದ್ದೆವು. ಹಾಡು ಮೇಲಿನ ಷಡ್ಜದ ಕಡೆ ಹೊರಟಿತೆಂದರೆ ಉಳಿದವರು ಮೆಲ್ಲಗೆ ದನಿ ತಗ್ಗಿಸಿ ನನ್ನ ಕಡೆ ನೋಡುತ್ತಿದ್ದರು. ನಾನು ಒಬ್ಬಳೇ ಮೇಲೆ ಹೋಗಿ ಬರುತ್ತಿದ್ದೆ. ಜೀವನದಲ್ಲಿ ಬೇರೆ ಯಾವ ವಿಷಯಕ್ಕೂ ಯಾರೂ ನನ್ನ ಕಡೆ ಹಾಗೆ ನೋಡಿದ್ದಿಲ್ಲ.

ಆಮೇಲೆ ಥೈರಾಯ್ಡ್ ಆಪರೇಷನ್ ಆಯಿತು. ದನಿ ಸ್ವಲ್ಪ ದಿನ ಹೋಗುತ್ತದೆ, ನಿಧಾನವಾಗಿ ಬರುತ್ತದೆ ಎಂದರು ಡಾಕ್ಟರು. ಬಂತು, ಆದರೆ ಅದು ನನ್ನದಲ್ಲ. ಬೇರೆ ಯಾರದೋ ಅದಲುಬದಲಾಗಿ ಬಂದ ಹಾಗಿತ್ತು. ಗ್ಯಾಸ್ ಸಿಲಿಂಡರಿನವನು ಫೋನ್ ಮಾಡಿದರೆ, “ಸಾರ್, ಮೇಡಂಗೆ ಫೋನ್ ಕೊಡಿ, ಓಟಿಪಿ ಅವರ್ಗೆ ಬಂದಿರುತ್ತೆ” ಎನ್ನುತ್ತಿದ್ದ. ನಾನೇ ಮೇಡಂ ಎಂದರೆ ನಂಬುತ್ತಿರಲಿಲ್ಲ. ಕಾಲೇಜಿನ ಆಫೀಸಿನಲ್ಲಿ ನನ್ನ ಕೌಂಟರಿಗೆ ಬರುವ ಹುಡುಗರು ಗಾಜಿನಾಚೆಯಿಂದ ದನಿ ಕೇಳಿ, ಬಗ್ಗಿ ನೋಡಿ, ಗಾಬರಿಯಾಗುತ್ತಿದ್ದರು. ಶನಿವಾರ ಹೋಗುವುದನ್ನು ಬಿಡಲಿಲ್ಲ, ಬಾಯಿ ಬಿಡುವುದನ್ನು ಬಿಟ್ಟೆ. ಸುಶೀಲಮ್ಮ ಒಂದು ಜೊತೆ ತಾಳ ಕೈಗೆ ಕೊಟ್ಟರು. ಅದನ್ನು ನೋಡುತ್ತಾ ಕೂರುತ್ತಿದ್ದೆ, ಹಾಡು ಮೇಲಕ್ಕೆ ಹೋಗುವ ಹೊತ್ತಿಗೆ ಸರಿಯಾಗಿ ಎದ್ದು ಕಾಫಿ ಬಿಸಿ ಮಾಡಲು ಒಳಗೆ ಹೋಗುತ್ತಿದ್ದೆ. ಮೈಸೂರಿನಲ್ಲಿ ಅಷ್ಟು ಸಲ ಬಿಸಿ ಮಾಡಿದ ಕಾಫಿಯನ್ನು ಬೇರೆ ಯಾರೂ ಕುಡಿದಿರಲಾರರು.

ಹೀಗೆ ಒಂದು ವರ್ಷದ ಮೇಲಾಗಿತ್ತು. ನಮ್ಮ ಸಂಬಂಧಿಕರ ಹುಡುಗಿಯ ಆರತಕ್ಷತೆಯಲ್ಲಿ ಆರ್ಕೆಸ್ಟ್ರಾ ಇತ್ತು. ಮಿಂಚುವ ಅಂಗಿ ತೊಟ್ಟ ಒಬ್ಬ ಬಾಯಲ್ಲಿ ಅಡಿಕೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಗಿಟಾರ್ ನುಡಿಸುತ್ತಿದ್ದ. ಒಂದು ಭಾವಗೀತೆಯ ನಡುವೆ, ಹಾಡುವವಳು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಅವನು ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದ. ಸ್ವರ ಕೆಳಗಿನಿಂದ ಎಲ್ಲೂ ತುಂಡಾಗದೆ ಹತ್ತಿತು, ಮೇಲೆ ಹೋಗಿ ಸ್ವಲ್ಪ ನಡುಗಿ ನಿಂತಿತು. ನಾನು ಹತ್ತುತ್ತಿದ್ದದ್ದು ಹಾಗೆಯೇ. ಕಣ್ಣು ತುಂಬಿಕೊಂಡವು. ಪಕ್ಕದಲ್ಲಿದ್ದ ನಮ್ಮ ಚಿಕ್ಕಮ್ಮ, “ಗೋಬಿ ಕಾರ ಇದ್ಯೇನೆ?” ಎಂದು ಕೇಳಿ ತಮ್ಮ ತಟ್ಟೆಯದನ್ನು ಬದಿಗಿಟ್ಟರು.

ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದೆ. ಆದರೆ ವೀಣೆಗೆ ನೆಲದ ಮೇಲೆ ಕೂರಬೇಕು, ನನ್ನ ಮಂಡಿ ಒಪ್ಪುವುದಿಲ್ಲ. ಕೂತರೂ ಸುಶೀಲಮ್ಮನವರ ಹಾರ್ಮೋನಿಯಂ ಎದುರಿಗೆ ವೀಣೆ ಕೇಳಿಸುವುದಿಲ್ಲ. ಗಿಟಾರೇ ಸರಿ ಎಂದು ಮನೆಗೆ ಬಂದವಳೇ ನಮ್ಮವರಿಗೆ ಹೇಳಿದೆ. ನಮ್ಮವರು ಮೇಟಗಳ್ಳಿಯ ಒಂದು ಕಾರ್ಖಾನೆಯ ಪರ್ಚೇಸ್ ವಿಭಾಗದಲ್ಲಿದ್ದಾರೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ಅದಕ್ಕಿಂತ ಕಷ್ಟವಾದದ್ದನ್ನು ಮಾಡಿದರು. ಪೆನ್ನು ತೆಗೆದುಕೊಂಡರು.

“ಯಾವ ಉಪಯೋಗಕ್ಕೆ ಅಂತ ಮೊದ್ಲು ಹೇಳು. ಅದು ಗೊತ್ತಿಲ್ದೆ ಒಂದು ನಟ್ಟೂ ತಗೊಳಕ್ಕಾಗಲ್ಲ.”

“ಭಾವಗೀತೆಗೆ ಕಣ್ರೀ. ದಾಸರ ಪದಕ್ಕೂ ಆಗ್ಬೇಕು. ಹಳೇ ಸಿನಿಮಾ ಹಾಡಿಗೂ.”

“ಅಂದ್ರೆ ಎಲ್ಲಕ್ಕೂ. ಬಜೆಟ್ಟು?”

“ತೀರಾ ಕಮ್ಮೀದು ಬೇಡ. ತೀರಾ ಜಾಸ್ತೀದೂ ಬೇಡ.”

‘ಮಧ್ಯಮ’ ಎಂದು ಬರೆದುಕೊಂಡರು. ಸ್ವರಗಳಲ್ಲೂ ಮಧ್ಯಮ ಒಂದಲ್ಲ, ಎರಡಿದೆ. ನನ್ನ ಗೋಳು ಅಲ್ಲಿಂದಲೇ ಶುರುವಾಯಿತು ಎನ್ನಬೇಕು. ಅಗ್ಗದ ಗಿಟಾರಿನ ಬಗ್ಗೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: ಕಲಿಯಲು ಸಾಕು, ಬಿಟ್ಟರೂ ನಷ್ಟವಿಲ್ಲ. ದುಬಾರಿಯದರ ಬಗ್ಗೆಯೂ ಒಂದೇ ಮಾತು: ಕೊನೆಯವರೆಗೂ ಬಾಳುತ್ತದೆ. ಮಧ್ಯದ್ದರ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಮೊಬೈಲಿನಲ್ಲಿ ಒಬ್ಬ ಗಡ್ಡದವನು ಒಂದು ಗಿಟಾರನ್ನು ಎತ್ತಿ ಹಿಡಿದು, ಈ ದುಡ್ಡಿಗೆ ಇದನ್ನು ಬಿಟ್ಟು ಬೇರೆಯದು ಕೊಂಡವರು ಮೂರ್ಖರು ಎನ್ನುತ್ತಾನೆ. ಅದನ್ನೇ ಇನ್ನೊಬ್ಬ ಗಡ್ಡದವನು ಹಿಡಿದು, ಇದನ್ನು ಕೊಂಡವರು ಮೂರ್ಖರು ಎನ್ನುತ್ತಾನೆ. ಇಬ್ಬರನ್ನೂ ಪೂರ್ತಿ ಕೇಳಿ ನಾನು ಎರಡು ಬಗೆಯಲ್ಲೂ ಮೂರ್ಖಳಾದೆ.

ನಮ್ಮವರು, ನೋಡದೆ ಆರ್ಡರ್ ಹಾಕುವ ಪದ್ಧತಿ ತಮ್ಮಲ್ಲಿಲ್ಲ ಎಂದು ಒಂದು ಭಾನುವಾರ ಅರಸು ರಸ್ತೆಯ ಹಿಂದಿನ ಗಲ್ಲಿಯ ವಾದ್ಯದ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಮಧು ಎಂಬ, ಕೂದಲನ್ನು ಹಿಂದಕ್ಕೆ ಗಂಟು ಹಾಕಿದ ಸೇಲ್ಸ್‌ಮನ್ ಇದ್ದ. ಒಳಗೆ ಕಾಲಿಟ್ಟದ್ದು ನಾನು ಮೊದಲು, ಗಿಟಾರ್ ತೋರಿಸಿ ಎಂದದ್ದೂ ನಾನು. ಅವನು ನನ್ನ ದನಿ ಕೇಳಿ ನಮ್ಮವರ ಮುಖ ನೋಡಿದ.

“ಮಗನಿಗಾ ಸಾರ್?”

ನಮಗಿರುವುದು ಒಬ್ಬಳೇ ಮಗಳು, ಮದುವೆಯಾಗಿ ಚಾಮರಾಜನಗರದಲ್ಲಿದ್ದಾಳೆ. ‘ಅಲ್ಲ, ನನಗೆ’ ಎಂಬ ಮಾತು ಗಂಟಲವರೆಗೆ ಬಂತು. ಆದರೆ ಆ ಗಂಟಲಿಂದ ಆಚೆ ಬಂದದ್ದು ‘ಹೌದು’. ಮಗ ಏನು ಮಾಡಿಕೊಂಡಿದ್ದಾನೆ ಎಂದು ಮಧು ಕೇಳಿದ. ನಾನು ತಡವರಿಸುತ್ತಿದ್ದಾಗ, ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ನಮ್ಮವರು, “ಹಾಸ್ಟೆಲಲ್ಲಿದ್ದಾನೆ” ಎಂದುಬಿಟ್ಟರು. ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಅವರ ಹಳೆಯ ಮಾತುಗಳ ಮೇಲೆಲ್ಲ ಅನುಮಾನ ಬಂತು.

“ಯಾವ ಥರ ಮ್ಯೂಸಿಕ್ ಇಷ್ಟ ಅವನ್ಗೆ?”

“ಭಾವಗೀತೆ,” ಎಂದೆ ನಾನು. “ಆಮೇಲೆ ದಾಸರ ಪದ.”

ಮಧು ಕೈಯಲ್ಲಿದ್ದ ಗಿಟಾರನ್ನು ಮೆಲ್ಲಗೆ ಕೆಳಗಿಟ್ಟ. “ಹುಷಾರಾಗಿದ್ದಾನೆ ತಾನೆ ಸಾರ್?” ಎಂದು ನಮ್ಮವರನ್ನು ಕೇಳಿದ.

ಆಮೇಲೆ ಪಾಠ ಶುರುವಾಯಿತು. ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತದ ಪಟ್ಟಿ ಇರುತ್ತದಂತೆ. ತಂತಿ ನಡುಗಿದ್ದನ್ನು ಹಿಡಿದು ಸ್ಪೀಕರಿನ ಡಬ್ಬಕ್ಕೆ ಕಳಿಸುವುದು ಅದು. ಒಂದು ಜಾತಿಯ ಪಿಕಪ್ಪಿಗೆ ತೆಳುವಾದ, ಸ್ವಚ್ಛವಾದ ದನಿ. ಸುಮ್ಮನಿದ್ದಾಗ ಮಾತ್ರ ಜೇನುಹುಳದ ಹಾಗೆ ಗುಂಯ್ ಎನ್ನುತ್ತದೆ. ಇನ್ನೊಂದಕ್ಕೆ ದಪ್ಪ ದನಿ. ಗುಂಯ್ ಎನ್ನುವುದಿಲ್ಲ, ಸ್ವಲ್ಪ ಜಾಸ್ತಿ ಮಾಡಿದರೆ ಗರ್ಜಿಸುತ್ತದೆ. ಎಲ್ಲಕ್ಕೂ ಆಗಬೇಕೆಂದರೆ ಎರಡೂ ಇರುವಂಥದ್ದು ಇದೆ ಎಂದು ಒಂದು ನೀಲಿ ಗಿಟಾರ್ ತೆಗೆದ. ಅದರಲ್ಲಿ ಐದು ಕಡೆ ತಿರುಗುವ ಒಂದು ಕಡ್ಡಿ, ಅಂದರೆ ಐದು ದನಿ. ಕಂದು ಬಣ್ಣದ ಇನ್ನೊಂದನ್ನೂ ತೋರಿಸಿದ. ಅದಕ್ಕೆ ತೆಳು ದನಿ ಮಾತ್ರ. ಎರಡರಲ್ಲೂ ಅವನು ಬಾರಿಸಿದ್ದು ಒಂದೇ, ಟಿನ್ ಶೀಟಿನ ಮೇಲೆ ಆಲಿಕಲ್ಲು ಸುರಿದಂಥದ್ದು. ಸ್ವಲ್ಪ ನಿಧಾನವಾಗಿ ಬಾರಿಸಲು ಹೇಳಿದೆ. ಅದನ್ನೇ ನಿಧಾನವಾಗಿ ಬಾರಿಸಿದ. ಕೊನೆಗೆ ಅವನೇ ಕೈಬಿಟ್ಟು, “ಮಗನ್ನೇ ಕರ್ಕೊಂಡ್ ಬನ್ನಿ ಸಾರ್. ಗಿಟಾರು ಅವನ ಕೈಗೆ ಕೂರ್ಬೇಕು, ನಾವ್ ನೀವ್ ಆರಿಸೋದಲ್ಲ” ಎಂದ.

ಮಗನನ್ನು ಎಲ್ಲಿಂದ ತರುವುದು? ನಾಲ್ಕಾರು ವಾರ ಹಾಗೇ ಕಳೆಯಿತು. ನಮ್ಮವರು ಇನ್ನೆರಡು ಅಂಗಡಿಗಳ ದರ ತರಿಸಿ, ಒಂದು ಕೋಷ್ಟಕ ಮಾಡಿ, ನೀಲಿಯದೇ ಸರಿ ಎಂದು ತೀರ್ಮಾನ ಕೊಟ್ಟರು. ಅವರು ನೀಲಿ ಎಂದ ಕೂಡಲೇ ನನಗೆ ಕಂದು ಬೇಕೆನ್ನಿಸಿತು. “ಹಂಗಾದ್ರೆ ಕಂದೇ ತಗೋ” ಎಂದರು, ಆಗ ನೀಲಿ ಎನ್ನಿಸಿತು. “ನಿನ್ನ ಕೈಲಿ ಆಗಲ್ಲ ಬುಡು,” ಎಂದು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಹೇಳಿದ್ದು ಗಿಟಾರ್ ಆರಿಸುವ ವಿಚಾರ. ನನಗೆ ಮಾತ್ರ ಅದು ಶನಿವಾರದ ವಿಚಾರವಾಗಿ ಕೇಳಿಸಿತು. ಆ ರಾಗ, ಆ ಮಹಡಿ, ಆ ನೋಟ, ಯಾವುದೂ ಇನ್ನು ನಿನ್ನ ಕೈಲಾಗದು ಎಂದ ಹಾಗೆ. ಅಡುಗೆಮನೆಗೆ ಹೋಗಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಮಾರನೆಯ ದಿನ ಆಫೀಸಿಗೆ ಅರ್ಧ ರಜೆ ಹಾಕಿ ಒಬ್ಬಳೇ ಅಂಗಡಿಗೆ ಹೋದೆ. ಮಗನದೂ ನನ್ನದೂ ಒಂದೇ ಅಳತೆಯ ಕೈ, ನಾನೇ ಹಿಡಿದು ನೋಡುತ್ತೇನೆ ಎಂದೆ. ಮಧು ಒಂದು ಸ್ಟೂಲ್ ಹಾಕಿ ಕೂರಿಸಿ ನೀಲಿ ಗಿಟಾರನ್ನು ತೊಡೆಯ ಮೇಲಿಟ್ಟ. ತುಂಬಿದ ಕುಕ್ಕರಿನಷ್ಟು ಭಾರ. ಅವನು ಫೋನಿನಲ್ಲಿ ಯಾರೊಂದಿಗೋ ಜಗಳವಾಡಲು ಆಚೆ ತಿರುಗಿದಾಗ, ವೀಣೆಯಲ್ಲಿ ಎಳೆಯುತ್ತಿದ್ದ ಹಾಗೆ ಒಂದು ತಂತಿಯನ್ನು ಎಳೆದೆ. ಬೆರಳು ಕತ್ತರಿಸಿದಂತಾಯಿತು. ಆದರೆ ಸ್ವರ ಹತ್ತಿತು. ಆಪರೇಷನ್ ಆದಮೇಲೆ ನನ್ನಿಂದ ಹೊರಟ ಯಾವ ಸದ್ದೂ ಅಷ್ಟು ಮೇಲೆ ಹೋಗಿರಲಿಲ್ಲ.

ಮಧು ತಿರುಗಿ ನೋಡಿದ. “ಶಾಕ್ ಹೊಡೀತಾ ಮೇಡಂ?”

“ಇಲ್ಲ.”

“ಮತ್ತೆ ಅಳ್ತಿದ್ದೀರಲ್ಲ.”

“ಮಗನ ನೆನಪಾಯ್ತು.”

ಅವನು ಕರಗಿಹೋದ. ಗಿಟಾರ್ ತೂಗುಹಾಕಿಕೊಳ್ಳುವ ಪಟ್ಟಿಯೊಂದನ್ನು ಬಿಟ್ಟಿಯಾಗಿ ಕೊಟ್ಟು, “ಅವನ್ಗೆ ನನ್ ಕಡೆಯಿಂದ ಅಂತ ಹೇಳಿ” ಎಂದ. ಇಷ್ಟಾದ ಮೇಲೆ ಕಂದು ಬಣ್ಣದ್ದನ್ನು ಕೇಳುವ ಮುಖ ನನಗಿರಲಿಲ್ಲ. ನೀಲಿಯದನ್ನೇ, ಜೊತೆಗೊಂದು ಸ್ಪೀಕರಿನ ಡಬ್ಬವನ್ನೂ ತೆಗೆದುಕೊಂಡು ಆಟೋ ಹತ್ತಿದೆ. ಮೊದಲ ಸಿಗ್ನಲ್ ಬರುವ ಹೊತ್ತಿಗೆ ಕಂದೇ ಸರಿಯಿತ್ತು ಎನ್ನಿಸತೊಡಗಿತು.

ಐದು ದನಿಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು ಎಂಬುದರಲ್ಲೇ ಒಂದು ತಿಂಗಳು ಹೋಯಿತು. ಆಮೇಲೆ ಒಂದೇ ಒಂದು ಹಾಡನ್ನು, ನಾವು ಯಾವಾಗಲೂ ಹಾಡುತ್ತಿದ್ದ ಶ್ರುತಿಯಲ್ಲೇ, ಬೆರಳಿನಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಗುವವರೆಗೆ ಕಲಿತೆ. ಬೇರೆ ಶ್ರುತಿಯಲ್ಲಿ ನುಡಿಸಲು ಬರುತ್ತಿರಲಿಲ್ಲ, ಬೇಕೆಂದೂ ಅನ್ನಿಸಿರಲಿಲ್ಲ. ಒಂದು ಶನಿವಾರ ನಮ್ಮವರು ಸ್ಪೀಕರಿನ ಡಬ್ಬ ಹೊತ್ತು, ನಾನು ಗಿಟಾರ್ ಹೊತ್ತು, ಸುಶೀಲಮ್ಮನವರ ಮಹಡಿ ಹತ್ತಿದೆವು. ಹೆಂಗಸರು ಜಾಗ ಬಿಟ್ಟು ಕೂತರು. ಸುಶೀಲಮ್ಮ ಕನ್ನಡಕ ಸರಿಮಾಡಿಕೊಂಡು, “ಇದು ಆರ್ಕೆಸ್ಟ್ರಾದೋರ್ದು ಕಣೇ ಪ್ರಭಾ,” ಎಂದರು. ಆದರೂ ಹಾರ್ಮೋನಿಯಂ ತಿದಿ ಒತ್ತಿ ಹಾಡು ಎತ್ತಿಕೊಂಡರು. ನಾನು ನುಡಿಸಿದೆ.

ಎರಡು ಬೇರೆ ಬೇರೆ ಮದುವೆಮನೆಗಳ ವಾಲಗ ಒಟ್ಟಿಗೆ ಕೇಳಿದ ಹಾಗಾಯಿತು. ಎಲ್ಲರೂ ನಿಲ್ಲಿಸಿದರು. ಮತ್ತೆ ಶುರುಮಾಡಿದರೂ ಅದೇ. ಗಿಟಾರಿನಲ್ಲಿ ದೋಷವಿದೆ, ಎಲ್ಲಕ್ಕೂ ಆಗುವುದು ಯಾವುದಕ್ಕೂ ಆಗುವುದಿಲ್ಲ, ಕಂದು ತೆಗೆದುಕೊಳ್ಳಬೇಕಿತ್ತು, ಇವತ್ತೇ ವಾಪಸ್ಸು ಕೊಟ್ಟುಬಿಡೋಣ ಎಂದು ನಾನು ನಮ್ಮವರ ಕಡೆ ತಿರುಗಿ ಶುರುಮಾಡಿದೆ. ಸುಶೀಲಮ್ಮ ಹಾರ್ಮೋನಿಯಂ ತಿದಿಯಿಂದ ಕೈ ತೆಗೆದು ಹೇಳಿದರು: “ಗಿಟಾರ್ ಸರಿಯಾಗೇ ಇದೆ ಕಣೇ. ನಾವು ಶ್ರುತಿ ಇಳಿಸಿದ್ದೀವಿ.”

“ಯಾವಾಗ?”

“ನೀನು ಆಸ್ಪತ್ರೆಯಿಂದ ಬಂದ ಮೇಲೆ. ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗಿಳಿಸಿದ್ರೆ ನಿಂಗೆ ಸಲೀಸಾಗ್ಬೋದು ಅಂತ. ನೀನು ಬಾಯೇ ತೆಗೀಲಿಲ್ಲ. ಇವತ್ತು ತೆಗೀತಾಳೆ, ಮುಂದಿನ ವಾರ ತೆಗೀತಾಳೆ ಅಂತ ಹಂಗೇ ಹಾಡ್ಕೊಂಡ್ ಬಂದ್ವಿ.”

ಶ್ರುತಿಜ್ಞಾನ ಇರುವವಳೆಂದು ಬೀಗುತ್ತಿದ್ದವಳು ನಾನು. ನಾಲ್ಕು ಜನ ವರ್ಷಕ್ಕೂ ಮೇಲಿನಿಂದ ನನಗೋಸ್ಕರ, ತಮ್ಮ ಗಂಟಲಿಗೆ ಒಗ್ಗದ ಕೆಳಶ್ರುತಿಯಲ್ಲಿ ಹಾಡುತ್ತಿದ್ದರು. ನಾನು ಅವರ ಮಧ್ಯದಲ್ಲೇ ಕೂತು, ನನ್ನ ದುಃಖವೊಂದನ್ನು ಬಿಟ್ಟು ಬೇರೇನನ್ನೂ ಕೇಳಿಸಿಕೊಂಡಿರಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿದೆ. “ಹಾಡು ಎತ್ಕೊಳ್ಳಿ, ಹಾಡ್ತೀನಿ” ಎಂದೆ.

ಹಾಡಿದೆ. ಪಲ್ಲವಿ, ಮೊದಲನೆಯ ಚರಣ, ಮೇಲಿನ ಷಡ್ಜ, ಒಂದನ್ನೂ ಬಿಡಲಿಲ್ಲ. ಎಲ್ಲರೂ ದನಿ ತಗ್ಗಿಸಿ ನನ್ನ ಕಡೆ ನೋಡುತ್ತಿದ್ದರು. ಹಾಡು ಮುಗಿಯಿತು. ನಮ್ಮವರು ಸ್ಪೀಕರಿನ ವೈರನ್ನು ಬಹಳ ಶ್ರದ್ಧೆಯಿಂದ ಸುತ್ತುತ್ತಿದ್ದರು. ಸುಶೀಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು, ಹಾರ್ಮೋನಿಯಂ ಮೇಲೆ ಬೆರಳುಗಳನ್ನು ಎರಡು ಮನೆ ಮೇಲಕ್ಕೆ ಸರಿಸಿದರು. ಆಮೇಲೆ, ಇಷ್ಟು ವರ್ಷದಲ್ಲಿ ನನ್ನೊಂದಿಗೆ ಎಂದೂ ಆಡದಷ್ಟು ಮೃದುವಾಗಿ ಹೇಳಿದರು:

“ನೀನು ಗಿಟಾರೇ ಬಾರಿಸು ಕಣಮ್ಮ.”