ಶಿಡ್ಲಘಟ್ಟದಲ್ಲಿ ಇಳಿಸಿಹೋದ ಗಂಟಲು

ಕೃತಜ್ಞತೆ ಬಿಕ್ಕಳಿಕೆಯ ಹಾಗೆ. ತಾನಾಗಿ ಬಂದರೆ ತಡೆಯಲಾಗುವುದಿಲ್ಲ, ಬಾ ಎಂದು ಕರೆದರೆ ಬರುವುದಿಲ್ಲ. ಆದರೂ ನಮ್ಮ ಸಭೆಗಳಲ್ಲಿ ಅದನ್ನು ಕರೆಸುವ ಪದ್ಧತಿ ಇದೆ. ಒಂದು ದಿನ ಗೊತ್ತುಮಾಡಿ, ಜಮಖಾನ ಹಾಸಿ, ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ಹೂಂ, ಈಗ ಕೃತಜ್ಞರಾಗಿ ಎನ್ನುತ್ತಾರೆ. ನಾನು ಹುಟ್ಟು ಕ್ರೈಸ್ತ, ಕಸುಬಿನಿಂದ ಹೈಸ್ಕೂಲು ಮೇಷ್ಟ್ರು. ಅಪ್ಪಣೆಯಾದ ತಕ್ಷಣ ಭಾವನೆ ತಂದುಕೊಳ್ಳುವ ಅಭ್ಯಾಸ ನನಗೆ ಎರಡೂ ಕಡೆಯಿಂದ ಆಗಿದೆ. ಹೊಸ ಇನ್ಸ್‌ಪೆಕ್ಟರು ಬಂದಾಗ ಸಂತೋಷ, ಹಳೆಯ ಹೆಡ್‌ಮಾಸ್ಟರು ಹೋದಾಗ ದುಃಖ, ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಒದಗಿಸಿದ್ದೇನೆ. ಹಾಗಿದ್ದೂ ಚಿಂತಾಮಣಿಯಲ್ಲಿ ನಡೆದ ಒಂದು ಕೃತಜ್ಞತಾ ಕೂಟದಲ್ಲಿ ನನಗೆ ಬಂದದ್ದು ಬರೀ ಸಿಟ್ಟು. ಅದರ ಕಥೆ ಇದು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆ ರಜೆ. ನಮ್ಮ ಸಭೆಯವರು ನಲವತ್ತು ದಿನಗಳ ಸುವಾರ್ತಾ ಸಂಚಾರ ಏರ್ಪಡಿಸಿದ್ದರು. ಗೌರಿಬಿದನೂರಿನಲ್ಲಿ ಶುರು, ಮಂಚೇನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಹಾದು ಚಿಂತಾಮಣಿ, ಆಮೇಲೆ ಸುತ್ತಲ ಹಳ್ಳಿಗಳು. ನಾನು ಭಕ್ತಿಯಿಂದ ಸೇರಿಕೊಂಡೆನೆಂದು ನನ್ನ ಹೆಂಡತಿ ಇವತ್ತಿಗೂ ನಂಬಿದ್ದಾಳೆ. ನಿಜವೇನೆಂದರೆ, ಆ ರಜೆಯಲ್ಲಿ ಮನೆಗೆ ಸುಣ್ಣ ಹೊಡೆಯುವ ಕೆಲಸವನ್ನು ಅವಳು ನನ್ನ ಪಾಲಿಗೆ ಇಟ್ಟಿದ್ದಳು. ಸುಣ್ಣದ ಬಕೆಟ್ಟಿಗಿಂತ ಶಿಲುಬೆ ಹಗುರ ಎಂದು ಲೆಕ್ಕ ಹಾಕಿ ವ್ಯಾನು ಹತ್ತಿದೆ.

ವ್ಯಾನಿನಲ್ಲಿ ನಾವು ಆರು ಜನ. ಮುಂದಾಳು ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು. ಮೈಸೂರಿನ ಕಡೆಯವರು, ಕಂಚಿನ ಕಂಠ, ಅಚ್ಚುಕಟ್ಟಾದ ಕನ್ನಡ. ವ್ಯಾನು ಓಡಿಸಿ ಸ್ಲೈಡ್ ಪ್ರೊಜೆಕ್ಟರ್ ತೋರಿಸುವುದಕ್ಕೆ ಡೇವಿಡ್. ಹಾಡುವುದಕ್ಕೆ ಇಬ್ಬರು ಹುಡುಗಿಯರು, ಅವರನ್ನು ಕಾಯುವುದಕ್ಕೂ ನಮಗೆಲ್ಲ ಬೇಯಿಸಿ ಹಾಕುವುದಕ್ಕೂ ಎಸ್ತರಮ್ಮ. ಅವರು ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಾಗಿದ್ದು ನಿವೃತ್ತರಾದವರು, ಮಾತು ಕಡಮೆ. ಆರನೆಯವನು ನಾನು, ದುಭಾಷಿ. ಆ ಸೀಮೆಯ ಅರ್ಧ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಯ್ಯನವರಿಗೆ ತೆಲುಗಿನಲ್ಲಿ ನೀರು ಕೇಳುವುದಕ್ಕೂ ಬರುತ್ತಿರಲಿಲ್ಲ. ನಿಜಕ್ಕೂ ನನಗಿಂತ ಚೆನ್ನಾಗಿ ತೆಲುಗು ಬಲ್ಲವರು ಎಸ್ತರಮ್ಮ, ಅವರ ತವರು ಮದನಪಲ್ಲಿ. ಆದರೆ ಹೆಂಗಸು ತಮ್ಮ ಪಕ್ಕದಲ್ಲಿ ನಿಂತು ಮಾತಾಡುವುದು ಅಯ್ಯನವರಿಗೆ ಸೇರುತ್ತಿರಲಿಲ್ಲ. ಹೀಗಾಗಿ ಅವರ ಪಾಲಿಗೆ ಸಾರಿನ ಪಾತ್ರೆ ಬಂತು, ನನ್ನ ಪಾಲಿಗೆ ಮೈಕು.

ದುಭಾಷಿಯ ಕಷ್ಟ ದುಭಾಷಿಗೇ ಗೊತ್ತು. ಅಯ್ಯನವರು ಒಂದು ವಾಕ್ಯವನ್ನು ಮಂಚೇನಹಳ್ಳಿಯಲ್ಲಿ ಶುರು ಮಾಡಿದರೆ ಚಿಕ್ಕಬಳ್ಳಾಪುರ ಬಂದರೂ ಕ್ರಿಯಾಪದ ಕಾಣುತ್ತಿರಲಿಲ್ಲ. ನಾನು ಕಾದು ಕಾದು ಕೊನೆಗೆ ತೆಲುಗಿನಲ್ಲಿ ನಾಲ್ಕು ಮಾತು ಹೇಳಿದರೆ, ಇಷ್ಟೇನಾ ಎನ್ನುವಂತೆ ನನ್ನತ್ತ ನೋಡುತ್ತಿದ್ದರು. ಮಂಚೇನಹಳ್ಳಿಯಲ್ಲಿ ಕಳೆದುಹೋದ ಕುರಿಯ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ, ಹೇಳಿದರು. ನೂರು ಕುರಿಯಲ್ಲಿ ಒಂದು ತಪ್ಪಿಹೋಯಿತು, ಕುರುಬನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋದ. ಮುಂದೆ ಕೂತಿದ್ದ ಒಬ್ಬ ನಿಜವಾದ ಕುರುಬ ಎದ್ದು ನಿಂತು, “ಆ ತೊಂಬೈ ತೊಮ್ಮಿದಿನಿ ಎವುರು ಕಾಸಿನಾರಪ್ಪಾ?” ಎಂದು ಕೇಳಿದ. ಉಳಿದ ತೊಂಬತ್ತೊಂಬತ್ತನ್ನು ಕಾದವರು ಯಾರು ಎಂಬ ಆ ಪ್ರಶ್ನೆಯನ್ನು ನಾನು ಕನ್ನಡಿಸಿ ಹೇಳಿದೆ. ಅಯ್ಯನವರು ಸ್ವಲ್ಪ ಯೋಚಿಸಿ, ಅದನ್ನು ನಾಳೆ ನೋಡೋಣ ಎಂದರು. ಮರುದಿನ ಬೆಳಿಗ್ಗೆಯೇ ನಾವು ಆ ಊರು ಬಿಟ್ಟೆವು.

ದಿನಕ್ಕೆ ಮೂರು ಕೂಟ, ಏಪ್ರಿಲ್ ತಿಂಗಳ ಧೂಳು, ಕೈಕೊಡುವ ಮೈಕು. ಚಿಕ್ಕಬಳ್ಳಾಪುರಕ್ಕೆ ಬರುವ ಹೊತ್ತಿಗೆ ನನ್ನ ದನಿ ಹರಿದ ಚಾಪೆಯಾಗಿತ್ತು. ಶಿಡ್ಲಘಟ್ಟದಲ್ಲಿ ಪೂರ್ತಿ ಹೋಯಿತು. ಜೊತೆಗೆ ಜ್ವರ. ಅಯ್ಯನವರು ನನ್ನನ್ನು ಬಯಲಲ್ಲಿ ಮಂಡಿಯೂರಿಸಿ, ತಲೆಯ ಮೇಲೆ ಕೈಯಿಟ್ಟು, ಉರಿಬಿಸಿಲಿನಲ್ಲಿ ಸುದೀರ್ಘವಾಗಿ ಪ್ರಾರ್ಥಿಸಿದರು. ಕರ್ತನೇ, ನಿನ್ನ ಕೆಲಸಕ್ಕೆ ಬಂದಿರುವ ಈ ಅಡ್ಡಿಯನ್ನು ತೆಗೆದುಹಾಕು ಎಂದು ಮತ್ತೆ ಮತ್ತೆ ಬೇಡಿದರು. ಅಡ್ಡಿ ಎಂದರೆ ನನ್ನ ಜ್ವರವಲ್ಲ, ನಾನೇ ಎಂದು ತಿಳಿಯಲು ನನಗೆ ಕೊಂಚ ಹೊತ್ತು ಹಿಡಿಯಿತು.

ಆ ಪ್ರಾರ್ಥನೆ ಬೇಗ ಫಲಿಸಿತು. ವ್ಯಾನು ಒಂದು ಓಣಿಗೆ ಹೊಕ್ಕು ರೇಷ್ಮೆ ನೂಲು ತೆಗೆಯುವ ಒಂದು ಮನೆಯ ಮುಂದೆ ನಿಂತಿತು. ಡೇವಿಡ್ ನನ್ನ ಹಾಸಿಗೆ ಸುರುಳಿ ಮತ್ತು ಚೀಲವನ್ನು ಜಗಲಿಯ ಮೇಲಿಟ್ಟ. ಅಯ್ಯನವರು, “ನೀವು ವಿಶ್ರಾಂತಿ ತಗೊಳ್ಳಿ ಮೇಷ್ಟ್ರೇ, ಕರ್ತನ ಕೆಲಸ ನಿಲ್ಲಬಾರದು ನೋಡಿ,” ಎಂದರು. ಹಾಡುವ ಹುಡುಗಿಯರು ಕೈ ಬೀಸಿದರು. ಎಸ್ತರಮ್ಮ ಮನೆಯ ಪಕ್ಕದ ಸಂದಿಯಿಂದ ಸರಸರನೆ ಬಂದು, ನನ್ನ ಕಡೆ ತಿರುಗಿಯೂ ನೋಡದೆ ವ್ಯಾನು ಹತ್ತಿ ಕೂತರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಹದಿನೈದು ದಿನ ಆಕೆಯ ಸಾರನ್ನು ಹೊಗಳಿದ್ದೆನಲ್ಲ! ಸಾಮ್ಯದ ಕುರುಬ ಒಂದಕ್ಕಾಗಿ ತೊಂಬತ್ತೊಂಬತ್ತನ್ನು ಬಿಟ್ಟ. ನಮ್ಮವರು ಒಂದನ್ನು ಜಗಲಿಯ ಮೇಲೆ ಬಿಟ್ಟು, ಉಳಿದ ಐದನ್ನು ವ್ಯಾನಿಗೆ ತುಂಬಿಕೊಂಡು ಹೋದರು.

ಅದು ಉರ್ದು ಮಾತಾಡುವ ಸಾಬರ ಮನೆ. ಹಿತ್ತಲ ಕೊಟ್ಟಿಗೆಯಲ್ಲಿ ಕುದಿಯುವ ನೀರಿನ ಬಾನಿಗಳು, ಅವುಗಳಲ್ಲಿ ರೇಷ್ಮೆ ಗೂಡು, ಮೇಲೆ ತಿರುಗುವ ಚರಕಗಳು. ಬೆಂದ ಹುಳುವಿನ ವಾಸನೆಗೆ ಮೊದಲ ದಿನ ಮೂಗು ಮುಚ್ಚಿಕೊಂಡೆ. ಎರಡನೆಯ ದಿನ ಹಸಿವಿಗೆ ಅಡ್ಡ ಬರಲಿಲ್ಲ. ಮನೆಯ ಯಜಮಾನಿ ಒಬ್ಬ ಮುದುಕಿ, ಎಲ್ಲರೂ ಅಮ್ಮೀ ಎನ್ನುತ್ತಿದ್ದರು. ಬಿಸಿನೀರಿನಲ್ಲಿ ಗೂಡಿನ ಎಳೆ ಹಿಡಿದು ಹಿಡಿದು ಆಕೆಯ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಅದೇ ಕೈಯಿಂದ ಹೊತ್ತುಹೊತ್ತಿಗೆ ಮೆಣಸು ಶುಂಠಿಯ ಕಷಾಯ ತಂದುಕೊಟ್ಟರು. ಜಗಲಿಯಿಂದ ನನ್ನನ್ನು ಒಳಗೆ ಕರೆದುಕೊಂಡು, ತಾವು ಮಲಗುತ್ತಿದ್ದ ಮಂಚ ಬಿಟ್ಟುಕೊಟ್ಟರು. ಗಂಜಿಗೆ ಉಪ್ಪು ಸಾಕೇ ಎಂದು ಸನ್ನೆಯಲ್ಲೇ ಕೇಳುತ್ತಿದ್ದರು, ನಾನು ಬಾಯಿಬಿಟ್ಟೇನೆಂಬ ಭಯ ಅವರಿಗೆ. ಒಮ್ಮೆ ನಾನು ಏನೋ ಹೇಳಲು ಹೋಗಿ ಕೀರಲು ಸದ್ದು ಮಾಡಿದಾಗ ಗದರಿಕೊಂಡರು. “ಮಾತಾಡಬ್ಯಾಡಪ್ಪ. ಗಂಟ್ಲು ದೇವ್ರು ಕೊಟ್ಟಿದ್ದು, ಮೈಕ್ ಅಲ್ಲ.”

ನಾಲ್ಕು ದಿನ ಬಾಯಿ ಮುಚ್ಚಿ ಮಲಗಿದೆ. ಮೇಷ್ಟ್ರಾದವನಿಗೆ ಅದೇ ಒಂದು ಪವಾಡ. ಆದರೆ ಬಾಯಿ ಮುಚ್ಚಿದ್ದರಿಂದ ಮನಸ್ಸು ಮುಚ್ಚಲಿಲ್ಲ. ಆ ಮಂಚದ ಮೇಲೆ ಮಲಗಿ ನಾನು ಮಾಡಿದ್ದು ಧ್ಯಾನವಲ್ಲ, ಭಾಷಣದ ತಯಾರಿ. ದನಿ ಬಂದ ಕೂಡಲೆ ಅಯ್ಯನವರಿಗೆ ಏನೇನು ಹೇಳಬೇಕು, ಡೇವಿಡ್‌ಗೆ ಏನು, ಎಸ್ತರಮ್ಮನಿಗೆ ಏನು, ಎಲ್ಲವನ್ನೂ ಪ್ರಾಸ ಸಮೇತ ಜೋಡಿಸಿಟ್ಟೆ. ಐದನೆಯ ದಿನ ಬೆಳಿಗ್ಗೆ ಕೆಮ್ಮಿದಾಗ ದನಿ ಬಂತು. ಆವತ್ತೇ ಸಾಯಂಕಾಲ ಚಿಂತಾಮಣಿಯಲ್ಲಿ ಕೂಟ ಇರುವುದು ನನಗೆ ಗೊತ್ತಿತ್ತು. ಸಂಚಾರದ ಇಪ್ಪತ್ತನೆಯ ದಿನ, ಅಂದರೆ ನಟ್ಟನಡುವೆ, ತಂಡದವರು ಪರಸ್ಪರ ಕೃತಜ್ಞತೆ ಹೇಳಿಕೊಳ್ಳಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಗಡಿಬಿಡಿಯಿಂದ ಹಾಸಿಗೆ ಸುತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಬರ್ತೀನಿ ಅಮ್ಮೀ ಎಂದೆ. ಅವರು ಬಾನಿಯಿಂದ ಕೈ ತೆಗೆಯುವಂತಿರಲಿಲ್ಲ. ತಲೆಯೆತ್ತಿ, “ಹೋಗಿ ಬಾರಪ್ಪ. ಅಲ್ಲಿ ಕೂಗ್ಬ್ಯಾಡ,” ಎಂದರು. ನಾನು ಆಗಲೇ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದೆ.

ಚಿಂತಾಮಣಿಯ ಪುಟ್ಟ ಚರ್ಚಿನಲ್ಲಿ ಸುಮಾರು ನಲವತ್ತು ಜನ ಸ್ಥಳೀಯ ವಿಶ್ವಾಸಿಗಳು ಸೇರಿದ್ದರು, ಬಹುಪಾಲು ತೆಲುಗಿನವರು. ನನ್ನನ್ನು ಕಂಡು ಅಯ್ಯನವರಿಗೆ ನಿಜವಾಗಿಯೂ ಸಂತೋಷವಾಯಿತು. ಹೇಗಿದ್ದೀರಿ ಎಂದು ಕೇಳುವ ಮೊದಲು, ಮೈಕಿನ ಹತ್ತಿರ ಬನ್ನಿ ಎಂದರು. ನಾಲ್ಕು ದಿನ ವಿಧಿಯಿಲ್ಲದೆ ನನ್ನ ಜಾಗದಲ್ಲಿ ನಿಂತಿದ್ದ ಎಸ್ತರಮ್ಮ ಸೆರಗು ಸರಿಮಾಡಿಕೊಂಡು ಹೆಂಗಸರ ಸಾಲಿಗೆ ಹೋಗಿ ಕೂತರು. ಹುಡುಗಿಯರು ದೇವರನ್ನು ವಂದಿಸಿದರು, ಡೇವಿಡ್ ವ್ಯಾನನ್ನು ವಂದಿಸಿದ. ಎಲ್ಲವನ್ನೂ ತೆಲುಗಿಗೆ ತಿರುಗಿಸಿದೆ. ಆಮೇಲೆ ಅಯ್ಯನವರು ಎದ್ದರು. ನನ್ನ ಹೆಗಲ ಮೇಲೆ ಕೈಯಿಟ್ಟು, “ನಮ್ಮ ಈ ಸಹೋದರರ ಸ್ವರ ಹೋದಾಗ ಇಡೀ ತಂಡ ಒಂದೇ ದೇಹವಾಗಿ ನರಳಿತು. ಇವರನ್ನು ಅಂಗೈಯಲ್ಲಿಟ್ಟು ನೋಡಿಕೊಂಡೆವು,” ಎಂದರು. ಅಂದು ಅವರು ಆಡಿದ ಅತ್ಯಂತ ಚಿಕ್ಕ ವಾಕ್ಯಗಳು ಅವು. ಹೇಳಿ ನನ್ನತ್ತ ತಿರುಗಿ ಕಾದರು.

ನನ್ನ ಬಗ್ಗೆ ಹೇಳಿದ ಸುಳ್ಳನ್ನು ನನ್ನ ಬಾಯಿಂದಲೇ, ಅದೂ ಹೊಸದಾಗಿ ಬಂದ ದನಿಯಲ್ಲಿ, ಹೇಳಬೇಕಾಗಿ ಬಂದಿತ್ತು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ ತೆಲುಗಿನಲ್ಲಿ ಸಾವಧಾನವಾಗಿ ಹೇಳಿದೆ: ನನಗೆ ದನಿ ಹೋಗಿ ಜ್ವರ ಬಂದಾಗ ಇವರೆಲ್ಲ ನನ್ನನ್ನು ಶಿಡ್ಲಘಟ್ಟದ ಒಂದು ಜಗಲಿಯ ಮೇಲೆ ಮೂಟೆಯ ಹಾಗೆ ಇಳಿಸಿ ಹೊರಟುಹೋದರು, ನನಗೆ ಗಂಜಿ ಕೊಟ್ಟವಳು, ಮಂಚ ಬಿಟ್ಟುಕೊಟ್ಟವಳು ಒಬ್ಬ ಸಾಬರ ಮುದುಕಿ, ನಾಲ್ಕು ದಿನ ಇವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಜನ ಲೊಚಗುಟ್ಟಿದರು. ಹೆಂಗಸರು ಅಯ್ಯೋ ಪಾಪಂ ಎಂದರು. ಒಬ್ಬ ಮುದುಕ ಕಣ್ಣೊರೆಸಿಕೊಂಡ. ಅಯ್ಯನವರು ತಮ್ಮ ಮಾತಿಗೆ ಸಭೆ ಕರಗಿದ್ದನ್ನು ಕಂಡು ತಾವೂ ಕಣ್ಣೊರೆಸಿಕೊಂಡು, ಆಮೆನ್ ಎಂದರು. ನನ್ನ ಜೀವಮಾನದಲ್ಲಿ ಅಷ್ಟು ಯಶಸ್ವಿಯಾದ ಭಾಷಾಂತರವನ್ನು ಮತ್ತೆ ಮಾಡಿಲ್ಲ. ಎಸ್ತರಮ್ಮನ ತವರು ಯಾವುದೆಂಬುದು ಮಾತ್ರ ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ.

ಊಟವಾದ ಮೇಲೆ ಹಿಂದಿನ ನಲ್ಲಿಯ ಹತ್ತಿರ ತಟ್ಟೆ ತೊಳೆಯಲು ಹೋದೆ. ಎಸ್ತರಮ್ಮ ಅಲ್ಲಿ ಸಾರಿನ ಪಾತ್ರೆ ಉಜ್ಜುತ್ತಿದ್ದರು.

“ನಿನ್ನ ತೆಲುಗು ಚೆನ್ನಾಗಿತ್ತು ಕಣಪ್ಪ ಸಾಮುವೇಲ,” ಎಂದರು. “ಅಯ್ಯನೋರು ಹೇಳಿದ್ದಕ್ಕಿಂತ ಸ್ವಲ್ಪ ಉದ್ದ ಆಯ್ತು, ಅಷ್ಟೆ.”

ನಾನು ಹೇಳಿದ್ದು ಸುಳ್ಳೇ ಎಂದು ಬಿರುಸಾಗಿಯೇ ಕೇಳಿದೆ.

“ಸುಳ್ಳಲ್ಲ. ಅರ್ಧ. ಅಷ್ಟು ದೊಡ್ಡ ಊರಲ್ಲಿ ವ್ಯಾನು ಆ ಮನೆ ಮುಂದೇನೇ ಯಾಕೆ ನಿಲ್ತು ಅಂತ ಯೋಚ್ನೆ ಮಾಡಿದ್ಯಾ?”

ಮಾಡಿರಲಿಲ್ಲ. ಅವರು ಪಾತ್ರೆಯಿಂದ ತಲೆಯೆತ್ತದೆ ಹೇಳಿದರು. ಅವರು ಶಿಡ್ಲಘಟ್ಟದ ಆಸ್ಪತ್ರೆಯಲ್ಲಿದ್ದಾಗ ಆ ಮನೆಯ ಮೂರು ಹೆರಿಗೆ ಮಾಡಿಸಿದ್ದರಂತೆ. ಅಯ್ಯನವರು ನನ್ನನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸೋಣ ಎಂದಿದ್ದರಂತೆ. ಜ್ವರದಲ್ಲಿ ಬೇಡ ಎಂದು ಜಗಳವಾಡಿ ವ್ಯಾನನ್ನು ಆ ಓಣಿಗೆ ತಿರುಗಿಸಿದ್ದು ಎಸ್ತರಮ್ಮ. ಸಂದಿಯಿಂದ ಹಿತ್ತಲಿಗೆ ಹೋಗಿ ಮುದುಕಿಯ ಕೈಹಿಡಿದು ಕೇಳಿಕೊಂಡಿದ್ದರಂತೆ. ಕಷಾಯದ ಅಳತೆಯೂ ಅವರದೇ.

ಹಾಗಾದರೆ ಹೊರಡುವಾಗ ನನ್ನ ಮುಖ ಕೂಡ ನೋಡಲಿಲ್ಲವೇಕೆ ಎಂದೆ. ಆ ಹೊತ್ತಿಗೆ ನನ್ನ ದನಿ ಮತ್ತೆ ಅರ್ಧ ಹೋಗಿತ್ತು.

“ನೋಡಿದ್ರೆ ನೀನು ಮಾತು ಶುರು ಮಾಡ್ತಿದ್ದೆ. ಗಂಟ್ಲಿಗೆ ರೆಸ್ಟ್ ಬೇಕಿತ್ತು.” ಪಾತ್ರೆಗೆ ನೀರು ಹುಯ್ದು ಕುಲುಕಿದರು. “ಅದು ಬಿಡು. ಆಯಮ್ಮನ ಹೆಸ್ರೇನು ಹೇಳು.”

ಅಮ್ಮೀ ಎಂದೆ.

“ಅದು ಮಕ್ಕಳು ಕರೆಯೋದು. ನಾ ಕೇಳಿದ್ದು ಹೆಸ್ರು.”

ನಾಲ್ಕು ದಿನ ಆಕೆಯ ಮಂಚದ ಮೇಲೆ ಮಲಗಿದವನು ನಾನು. ಅಯ್ಯನವರನ್ನು ಬೈಯುವುದಕ್ಕೆ ಪ್ರಾಸ ಹುಡುಕಿದ್ದೆ, ಆಕೆಯ ಹೆಸರು ಕೇಳಿರಲಿಲ್ಲ. ನಿಮಗೆ ಗೊತ್ತಿದೆಯಲ್ಲ, ಹೇಳಿ ಎಂದೆ. ಎಸ್ತರಮ್ಮ ಪಾತ್ರೆಯನ್ನು ಸೊಂಟಕ್ಕೇರಿಸಿಕೊಂಡರು. “ನಂಗೊತ್ತು. ಹೇಳಲ್ಲ. ಹೋಗಿ ಕೇಳ್ಕೊಂಡು ಬಾ.”

ಉಳಿದ ಇಪ್ಪತ್ತು ದಿನ ಭಾಷಾಂತರದಲ್ಲಿ ಕಳೆದವು. ಅದರ ನಡುವೆ ಬಿಡುವಾಗಲಿಲ್ಲ ಎಂದರೆ ನೀವು ನಂಬಬಹುದು. ಆಮೇಲೆ ಶಾಲೆ ಶುರುವಾಯಿತು, ಪರೀಕ್ಷೆ ಬಂತು, ಮನೆಗೆ ಸುಣ್ಣವೂ ಆಯಿತು. ಅಯ್ಯನವರಿಗೆ ವರ್ಗವಾಯಿತು. ಎಸ್ತರಮ್ಮ ಮಗಳ ಮನೆಗೆಂದು ಮದನಪಲ್ಲಿಗೆ ಹೋದವರು ಅಲ್ಲಿಯೇ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ರಜೆ ಸಿಗಲಿಲ್ಲ.

ಆದರೆ ಈ ಪ್ರಸಂಗ ನನಗೆ ಬಹಳ ಉಪಕಾರ ಮಾಡಿದೆ. ವರ್ಷ ವರ್ಷ ಸುಗ್ಗಿ ಹಬ್ಬದ ಆರಾಧನೆಯಲ್ಲಿ ನನ್ನನ್ನು ಸಾಕ್ಷಿ ಹೇಳಲು, ಅಂದರೆ ದೇವರಿಂದಾದ ಉಪಕಾರ ಹೇಳಿಕೊಳ್ಳಲು, ಕರೆಯುತ್ತಾರೆ. ನಾನು ಆ ಮುದುಕಿಯ ಬೆರಳುಗಳನ್ನು ವರ್ಣಿಸುತ್ತೇನೆ, ಗಂಜಿಯನ್ನು ವರ್ಣಿಸುತ್ತೇನೆ, ಕರವಸ್ತ್ರಗಳು ಹೊರಬರುತ್ತವೆ. ಹೋದ ವರ್ಷ ಸಭೆಯ ಪತ್ರಿಕೆ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು ಪೆನ್ನು ಹಿಡಿದು ಬಂದು, ಆಯಮ್ಮನ ಹೆಸರೇನು ಸಾರ್ ಎಂದು ಕೇಳಿದಳು. ಹೆಸರು ಬೇಡಮ್ಮ, ಅದು ಮುಖ್ಯವಲ್ಲ ಎಂದೆ, ತಕ್ಕಷ್ಟು ಗಂಭೀರವಾಗಿಯೇ. ಮುಂದಿನ ಸಂಚಿಕೆಯಲ್ಲಿ ನನ್ನ ಸಾಕ್ಷಿ ಅಚ್ಚಾಯಿತು, ನನ್ನ ಫೋಟೋದ ಕೆಳಗೆ. ಅದರಲ್ಲಿ ಆಕೆಯನ್ನು ‘ತಮ್ಮ ಹೆಸರು ಪ್ರಕಟಿಸಲು ಇಚ್ಛಿಸದ ಒಬ್ಬ ಮುಸ್ಲಿಂ ತಾಯಿ’ ಎಂದು ಬರೆದಿದ್ದಳು. ತಿದ್ದುಪಡಿ ಕಳಿಸಬೇಕೆಂದು ಇನ್‌ಲ್ಯಾಂಡ್ ಪತ್ರ ತಂದೆ. ಮೊದಲ ಸಾಲಿಗೇ ಹೆಸರು ಬೇಕಾಗಿತ್ತು, ಒಂದಕ್ಷರ ಬೀಳುವ ಮೊದಲೇ ಪೆನ್ನು ನಿಂತಿತು. ನಾನು ಈಗಿರುವ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಮುಕ್ಕಾಲು ಗಂಟೆಯ ದಾರಿ, ಬೇಕಾದಷ್ಟು ಬಸ್ಸುಗಳಿವೆ. ಖಾಲಿ ಉಳಿದ ಆ ಪತ್ರದಲ್ಲಿ ಹೆಂಡತಿ ತನ್ನ ತಂಗಿಗೆ ಕ್ಷೇಮಸಮಾಚಾರ ಬರೆದು ಡಬ್ಬಿಗೆ ಹಾಕಿದಳು.